ಎರಡು ಹಲ್ಲಿನ ಒಂಟಿ

...ಏಳಬ್ಯಾಡ, ಏಳಬ್ಯಾಡ ಇನಾಯತ! ನಾನಽ ಕುಂಡ್ರತೀನಿ. ಕಟ್ಟು ಹಾಕಿದ ಬಲಗೈ ಅಳ್ಳಾಡಸಬ್ಯಾಡ. ಈ ದವಾಖಾನಿ ಡಾಕ್ಟರು ಮನುಷ್ಯಾರ ಡಾಕ್ಟರು, ನಾ ದನದ ಡಾಕ್ಟರು... ಯಾಕ ನಗ್ತೀ? ಮೂವತ್ತಮೂರು ವರ್ಷ ಮುಂಡರಗಿ, ಶಿರಹಟ್ಟಿ ಸೀಮಿ ಎತ್ತುಗಳ ಬಾಯಾಗ ಕೈ ಹಾಕೀನಿ. ಒಂದೂ ಕಚ್ಚಲಿಲ್ಲ!

ನಿನ್ನ ಒಂಟಿ ಬಾದಲ ಕಚ್ಚಿತು. ಅಲ್ಲೋ, ಮದುವಿ ಮೆರವಣಿಗಿಗೆ ಒಂಟಿ ಕೊಡಾಂವ ನೀನು. ಗಂಡೊಂಟಿ ಮದಕ್ಕ ಬಂದದ್ದು ತಿಳೀಲಿಲ್ಲೇನು? ಬಾಯಿತುಂಬ ನೊರಿ, ಕಿವಿ ಹಿಂದ ಕರಿ ನೀರು, ಗಂಟಲಾಗಿಂದ ಬಲೂನಿನಂಥ ಕೆಂಪು ಚರ್ಮ ಹೊರಗ ಬಿಟ್ಟು ಬುಳುಬುಳು ಅಂತಿತ್ತಂತ! ಅಂಥಾದರ ಮೂಗುದಾರಕ್ಕ ಕೈ ಹಾಕೂದ?

...ಹೌದು. ದಸರಾದಾಗ ನಾನಽ ಹೇಳಿದ್ದೆ, 'ಇನ್ನೂ ಕೂಸದು, ಮದಕ್ಕ ಬರಾಕ ಎರಡು ಮೂರು ವರ್ಷ ಬೇಕು' ಅಂತ. ಇಲ್ಲ ಅನ್ನೂದಿಲ್ಲ. ಆದರ ಯಾವ ಆಧಾರದ ಮ್ಯಾಲ ಹೇಳಿದೆ?

ಗ್ವಾಡಿ ನೋಡಬ್ಯಾಡ, ನನ್ನ ನೋಡು. ನಿನ್ನ ತಮ್ಮ ಅಬ್ರಾರ ಮುಂಡರಗಿ ತುಂಬ ಹೇಳಕೋತ ಹೊಂಟಾನ, 'ಡಾಕ್ಟರ್ ಶೈಲಾಬಾಯಾರ ಮಾತು ಕೇಳಿ ನಮ್ಮಣ್ಣನ ಕೈ ಹೋತು' ಅಂತ. ಹಾಲು ಹಾಕೂ ಹನಮಂತವ್ವ ಬಾಗಿಲದಾಗ ನಿಂತು ಕೇಳತಾಳ, 'ಖರೆ ಏನ್ರಿ?' ನನಗ! ಇಷ್ಟು ವರ್ಷ ನನ್ನ ಮಾತಿಗೆ ಯಾರಾದರೂ ಖರೆ ಏನ್ರಿ ಅಂದಿದ್ದರೇನು?

ಅದಕ್ಕಽ ಗದಗಿನತನಕ ಬಂದೀನಿ. ಈ ಕಾಗದ ನೋಡು. ಒಂದಽ ಸಾಲು. 'ಒಂಟೆಯ ವಯಸ್ಸು ಎರಡೂವರೆ ವರ್ಷವೆಂದು ನಾನೇ ಡಾಕ್ಟರಿಗೆ ತಪ್ಪಾಗಿ ತಿಳಿಸಿದ್ದೆ.' ಎಡಗೈಲೆ ಸಹಿ ಮಾಡು, ಸಾಕು. ತಗೋ ಪೆನ್ನು.

ತಗೋ ಅಂದೆನಲ್ಲಾ! ಎಷ್ಟೊತ್ತು ಹಿಡಕೊಂಡಿರಲಿ?

ಏನದು? ಅಂಗೈ ಯಾಕ ತೋರಸ್ತೀ? ಒಲ್ಲೆ ಅಂತೀಯೇನು? ಅಲ್ಲಾ?... ಬೆರಳು?

ಐದು.

...

ಬಾಯಿಬಿಟ್ಟು ಬೈಯಬಾರದೇನೋ! ಹಿಂಗ ಸುಮ್ಮನ ಕೈ ಎತ್ತಿ ಹಿಡದರ...

ಹೇಳಿದ್ದಿ. 'ಐದು ತುಂಬೇತ್ರಿ ಬಾಯಾರಽ' ಅಂತ ಅವತ್ತಽ ಹೇಳಿದ್ದಿ. ನಾ ತುಟಿ ಸರಿಸಿ ನೋಡಿದೆ. ಎರಡು ಹೊಸಾ ಹಲ್ಲು. ಎರಡು ಹಲ್ಲಿನ ಹೋರಿಗೆ ಎರಡೂವರಿ ವರ್ಷ... ಅದಽ ಲೆಕ್ಕಾ ಒಂಟಿಗೂ ಹಿಡದೆ. 'ಡಾಕ್ಟರು ನೀನೋ, ನಾನೋ?' ಅಂದೆ. ಸುತ್ತ ನಿಂತಾವರೆಲ್ಲಾ ನಕ್ಕರು. ನೀನೂ ನಕ್ಕಿ.

ಒಂಟಿಗೆ ಹಾಲಹಲ್ಲು ಬಿದ್ದು ಆ ಎರಡು ಬರೂದಽ ಐದಕ್ಕ. ಗಂಡು ಮದಕ್ಕ ಬರೂದೂ ಆಗಽ. ನಿನ್ನ ಕೈ ಖಬರ ಬಂದ ಮ್ಯಾಲ ಪುಸ್ತಕ ತಗದು ನೋಡಿದೆ... ಮೊದಲ ನೋಡಲಿಲ್ಲ.

ಇನಾಯತ, ಕೈ ಇಳಸು. ಅಗೋ, ಅಬ್ರಾರ ಬರಾಕತ್ತಾನ... ಇಳಸೋ. ಜಲ್ದಿ ಇಳಸು.