ಯಜಮಾನರು ಹಾಕಿದ ಮಿತಿ

“ಕೂತಿರೋರ್ನ ಯಾರಾದ್ರೂ ಎಬ್ಬಿಸ್ತಾರಾ?”

ನಂಜನಗೂಡಿನ ಕೋರ್ಟು ಜಗಲಿಯಲ್ಲಿ, ನನ್ನ ಪಕ್ಕ ಕುಳಿತಿದ್ದ ಹಿರಿಯ ಹೆಂಗಸು ಯಾರನ್ನೂ ನೋಡದೆ ಕೇಳಿದರು. ನಾನು ಗುನುಗುತ್ತಿದ್ದ ವಚನ ನಿಂತಿತು. ಮಠದ ಕಾರ್ಯದರ್ಶಿ ರುದ್ರೇಶ್ ಕಾಗದ, ಪೆನ್ನು ಹಿಡಿದು ಅವರೆದುರು ಕುಕ್ಕರಿಸಿದ.

“ಪುಟ್ಟಬಸಮ್ಮಾರೇ, ಕೇಸು ಸೋತ್ರೆ ಮಠದ ರುದ್ರಭೂಮಿ ಲೇಔಟ್‌ನೋರ ಪಾಲು. ನಿಮ್ಮ ಯಜಮಾನ್ರ ಸಮಾಧೀನೂ ಅಗೀತಾರೆ.”

“ಅಂಗೈಲಿ ಲಿಂಗ ಮಡಗಿ ಸಮಾಧೀಲಿ ಕೂರ್ಸಿದೀವಿ ಕಣಪ್ಪ ಅವ್ರನ್ನ. ಒಳ್ಳೆ ವಕೀಲ್ರು ಸಿಗ್ನಿಲ್ವಾ?”

“ಇಪ್ಪತ್ತು ಸಾವ್ರಕ್ಕೆ ಯಾರು ಬತ್ತಾರೆ? ಯಾವ ಕೇಸಿಗೂ ಅದ್ಕಿಂತ ಜಾಸ್ತಿ ಫೀಸು ಕೊಡಂಗಿಲ್ಲ ಅಂತ ಮಿತಿ ಹಾಕ್ದೋರು, ಮಠದ ಕಮಿಟಿ ಅಧ್ಯಕ್ಷರಾಗಿದ್ದಾಗ, ನಿಮ್ಮ ಯಜಮಾನ್ರೇ.”

“ಊಂ. ಆ ವರ್ಸ ಮಠದ ಆಸ್ಟೆಲ್ ಮಕ್ಳ ಅಕ್ಕಿ ದುಡ್ಡೆಲ್ಲ ವಕೀಲ್ರಿಗೇ ಓಯ್ತು. ಮಕ್ಳು ಬರೀ ಗಂಜಿ ಕುಡುದ್ವು. ಅದ್ಕೇ ಹಾಕುದ್ರು.”

“ಈಗ ಮಿತಿ ತೆಗೀಬೋದು. ಅವ್ರ ಮನೆಯೋರು ಒಪ್ಪುದ್ರೆ ಸಾಕು ಅಂತದೆ ಕಮಿಟಿ. ಇಲ್ಲೊಂದು ರುಜು ಹಾಕ್ಬುಡಿ.”

“ದುಡ್ಡು ಎಲ್ಲಿಂದ ತತ್ತೀರಿ?”

“ಇನ್ನೆಲ್ಲಿಂದ? ಆಸ್ಟೆಲ್‌ದೇ.”

ಪುಟ್ಟಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿ ಎದ್ದರು.

“ಮಕ್ಳ ಅನ್ನ ಕಿತ್ಕೊಂಡು ಅವ್ರನ್ನ ಉಳಿಸ್ಕಳ್ಳಾ? ನಾನು ರುಜು ಹಾಕಲ್ಲ ಕಣಪ್ಪ.”