ಅಮ್ಮ ನೋಡಿದ ರಾಜಧಾನಿ

ರಾಜಧಾನಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಣ್ಣ ತಂಗಿ ಊರಿನ ಬಸ್ಸಿಗೆ ಕಾಯುತ್ತಿದ್ದರು. ತಾಯಿ ಕೈ ತೊಳೆಯಲು ಹೋಗಿದ್ದರು.

“ಅಣ್ಣ, ಅಮ್ಮನ ಹೊಸ ಕನ್ನಡಕ ಎಲ್ಲೋ? ರಾಜಧಾನಿ ನೋಡೋಕೆ ಅಂತಲೇ ಮಾಡಿಸಿದ್ದು.”

“ನಂಗೇನು ಗೊತ್ತು? ಚೀಲದ ಜಿಪ್ ಹಾಕೋಕಾಗ್ಲಿಲ್ಲ ಅಂತ ಅವಳ ಹಳೇ ಶಾಲು ತೆಗೆದು ಮನೇಲಿಟ್ಟೆ, ಅಷ್ಟೇ.”

“ಯಾಕೆ?”

“ನನ್ನ ಶೂಗೆ ಜಾಗ ಬೇಕಿತ್ತು.”

“ಒಡೀಬಾರ್ದು ಅಂತ ಆ ಶಾಲಿನೊಳಗೇ ಸುತ್ತಿಟ್ಟಿದ್ಳು ಕಣೋ!”

“ಮತ್ತೆ ಅರಮನೆ ಮುಂದೆ ‘ಎಷ್ಟು ಚೆನ್ನಾಗಿದೆ’ ಅಂದ್ಳಲ್ಲೇ?”

“ನೀನು ಬೇಜಾರು ಮಾಡ್ಕೋತೀಯ ಅಂತ.”

ತಾಯಿ ಬಂದು, ಎದುರಿಗೇ ನಿಂತಿದ್ದ ಬಸ್ಸಿನ ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ನಮ್ಮ ಬಸ್ ಬಂತೇನೋ?”

“ಬಂದಿದೆ ಅಮ್ಮ. ಕೈ ಕೊಡು.”

ಜನರ ನಡುವೆ ದೂರವಾಗುತ್ತಾ ತಾಯಿಯ ದನಿ ಕೇಳಿಸಿತು: “ಇನ್ನೊಂದ್ಸಲ ಬರೋಣಪ್ಪ. ಎಷ್ಟು ನೋಡಿದ್ರೂ ಸಾಲ್ದು.”