ಕ್ಯಾನ್ಸರ್ ಅಲ್ಲವಂತೆ

ಕನ್ನಡ ಕಿವಿಗೆ ಬಿದ್ದರೆ ತಾನಾಗಿ ಎದ್ದು ಹೋಗಿ ಮಾತಾಡಿಸುವ ಹೆಂಗಸು ವಸಂತಾ. ೧೯೯೬ರ ಆ ಬೆಳಿಗ್ಗೆ ಅಮೆರಿಕದ ಲಾರೆನ್ಸ್‌ವಿಲ್‌ನ ಕಿಡ್ನಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಮಾತ್ರ ಅವಳು ಮ್ಯಾಗಜೀನಿನಿಂದ ತಲೆ ಎತ್ತಲಿಲ್ಲ. ಡಾಕ್ಟರ ರೂಮಿನಿಂದ ಬಂದ ಗಂಡ ಹೆಂಡತಿ ಅವಳ ಹಿಂದಿನ ಸಾಲಿನಲ್ಲೇ ಕೂತಿದ್ದರು. ಗಂಡ ಎಡಪಕ್ಕೆ ಹಿಡಿದುಕೊಂಡಿದ್ದ.

“ಕ್ಯಾನ್ಸರ್ ಅಲ್ವಂತೆ ಕಣ್ರೀ. ಒಂದು ಸತ್ಯನಾರಾಯಣ ಪೂಜೆ ಮಾಡಿಸ್ಬಿಡೋಣ.”

“ಕಿಡ್ನಿ ತೆಗೆದ್ಮೇಲೆ ಗೊತ್ತಾಯ್ತಲ್ಲ.”

“ಮೊದಲೇ ಹೇಳಕ್ಕಾಗಲ್ಲ ಅಂದಿದ್ರಲ್ಲ ಡಾಕ್ಟ್ರು.”

“ಗಡ್ಡೆ ಮಾತ್ರ ತೆಗೆದು ಮಿಕ್ಕಿದ್ದು ಉಳಿಸೋ ಆಪರೇಷನ್ನೂ ಇದೆ ಅಂದಿದ್ರು. ರಿಸ್ಕ್ ಬೇಡ, ಪೂರ್ತಿ ತೆಗೆದ್ಬಿಡಿ ಅಂದೋಳು ನೀನು.”

“ಭಯ ಆಗಿತ್ತು ನಂಗೆ. ಒಂದು ಕಿಡ್ನೀಲೂ ಆರಾಮಾಗಿ ಇರ್ಬಹುದು ಅಂತಾನೂ ಹೇಳಿದ್ರಲ್ಲ.”

“ಅದನ್ನೇ ನಾನು ನಾಲ್ಕು ವರ್ಷದ ಹಿಂದೆ ನಿಂಗೆ ಹೇಳಿದ್ದೆ. ಮೈಸೂರಲ್ಲಿ ನಮ್ಮಕ್ಕ ಡಯಾಲಿಸಿಸ್ ಮೇಲಿದ್ದಾಗ.”



“ಆಗ ಮಕ್ಕಳು ಚಿಕ್ಕವರು. ಹೇಗ್ರೀ ಒಪ್ಕೊಳ್ಲಿ?”

“ನನ್ನ ಕಿಡ್ನಿ ಅವಳಿಗೆ ಮ್ಯಾಚ್ ಆಗಿತ್ತು. ನೀನು ಬೇಡ ಅಂದೆ, ನಾನು ಕೊಡ್ಲಿಲ್ಲ. ಅವಳು ಹೋದ್ಲು. ಈಗ ಅದೇ ಕಿಡ್ನೀನ ತೆಗೆಸಿ ಕಸಕ್ಕೆ ಹಾಕಿಸಿದ್ವಿ.”

“ಇಲ್ಲೆಲ್ಲ ಯಾಕ್ರೀ ಆ ಮಾತು? ನಡೀರಿ, ಮನೆಗೆ ಹೋಗೋಣ.”

ಇಬ್ಬರೂ ಎದ್ದರು. ಬಾಗಿಲ ಹತ್ತಿರ ಅವಳು ಅವನ ತೋಳು ಹಿಡಿದುಕೊಂಡಳು.

“ಮೆಲ್ಲಗೆ. ಇನ್ಮೇಲೆ ಇರೋದು ಒಂದೇ.”

“ಅಕ್ಕ ಕೇಳಿದ್ದೂ ಒಂದೇ,” ಎಂದ ಅವನು ತೋಳು ಬಿಡಿಸಿಕೊಂಡು ಕಾರಿನ ಕಡೆ ನಡೆದ.